ಒಡೆಯರು ಲಂಡನ್ನಿನಲ್ಲಿ, ಗಣಿ ಕೋಲಾರದಲ್ಲಿ

ಯಜಮಾನ ಒಂದು ಊರಿನಲ್ಲಿ, ಕೆಲಸಗಾರರು ಬೇರೆ ಬೇರೆ ಊರುಗಳಲ್ಲಿ. ಎಲ್ಲರೂ ಬಂದು ಕೂರುವ ಕಚೇರಿ ಮಾತ್ರ ಎಲ್ಲೂ ಇಲ್ಲ. 2020ರ ಲಾಕ್‌ಡೌನ್ ನಂತರ ಇಂಥ ಉದ್ಯಮಗಳು ನಮ್ಮ ಸಣ್ಣ ಪಟ್ಟಣಗಳಿಗೂ ಅಪರಿಚಿತವಲ್ಲ. ಅಂಗಡಿಗಳ ಲೆಕ್ಕಪತ್ರ ಬರೆದುಕೊಡುವುದು, ಭಾಷಾಂತರ, ಪುಟವಿನ್ಯಾಸ, ಯಾವುದೋ ಕಂಪೆನಿಯ ಗ್ರಾಹಕರ ಕರೆಗಳಿಗೆ ಉತ್ತರಿಸುವುದು ಮುಂತಾದ ಕೆಲಸಗಳನ್ನು ನಾಲ್ಕೈದು ಮಂದಿ ತಮ್ಮ ತಮ್ಮ ಮನೆಗಳಿಂದಲೇ ಮಾಡಿ, ಒಂದೇ ಹೆಸರಿನಡಿ ವ್ಯವಹಾರ ನಡೆಸಬಹುದು.

ಇದನ್ನು ಕಂಪ್ಯೂಟರ್ ಯುಗದ ಹೊಸ ಸೃಷ್ಟಿ ಎಂದು ಭಾವಿಸುವವರು ಹೆಚ್ಚು. ಆದರೆ ಎದುರಿಗೆ ಕಾಣದ ಯಜಮಾನ, ಯಜಮಾನನಿಗೆ ಕಾಣದ ಕೆಲಸಗಾರ ಎಂಬ ಏರ್ಪಾಡಿಗೆ ನಮ್ಮ ರಾಜ್ಯದಲ್ಲೇ ಒಂದೂಕಾಲು ಶತಮಾನಕ್ಕೂ ಹೆಚ್ಚಿನ ಇತಿಹಾಸವಿದೆ. ಅದರ ಬಹುದೊಡ್ಡ ಉದಾಹರಣೆ ಕೋಲಾರ ಚಿನ್ನದ ಗಣಿ, ಅಂದರೆ ಕೆ.ಜಿ.ಎಫ್. ಅಲ್ಲಿನ ಗಣಿ ಸಣ್ಣ ಉದ್ಯಮವಾಗಿರಲಿಲ್ಲ, ನಿಜ. ಆದರೆ ಅದರ ಆರಂಭ ಒಬ್ಬ ವ್ಯಕ್ತಿಯ ಸಣ್ಣ ಪ್ರಯತ್ನದಲ್ಲಿತ್ತು. ಅದನ್ನು ದೂರದಿಂದ ನಡೆಸಿದ ರೀತಿಯಲ್ಲಿ ಇಂದಿನ ಸಣ್ಣ ಉದ್ಯಮಿ ಕಲಿಯಬೇಕಾದದ್ದೂ ಇದೆ, ಎಚ್ಚರ ವಹಿಸಬೇಕಾದದ್ದೂ ಇದೆ.

ಒಂದು ಪರವಾನಗಿಯಿಂದ ಆರಂಭ

ಬ್ರಿಟಿಷ್ ಸೇನೆಯ ಲೆಫ್ಟಿನೆಂಟ್ ಜಾನ್ ವಾರೆನ್ 1802ರಲ್ಲಿ ಕೋಲಾರದ ಪೂರ್ವ ಭಾಗದಲ್ಲಿ ಸರ್ವೆ ನಡೆಸಿದಾಗ, ಉರಿಗಾಂ ಮತ್ತು ಮಾರಿಕುಪ್ಪಂ ಸುತ್ತಿನ ಹಳ್ಳಿಗರು ಮಣ್ಣು ತೊಳೆದು ಚಿನ್ನದ ಕಣಗಳನ್ನು ತೆಗೆಯುತ್ತಿದ್ದುದನ್ನು ದಾಖಲಿಸಿದ. ಅವನ ವರದಿ ಮುದ್ರಣವಾಯಿತಾದರೂ ದಶಕಗಳ ಕಾಲ ಅದರಿಂದ ಏನೂ ಫಲ ದೊರೆಯಲಿಲ್ಲ.

ಆ ಹಳೆಯ ವರದಿಯನ್ನು ಓದಿ ಆಸೆ ಕಟ್ಟಿಕೊಂಡವನು ಮೈಕೆಲ್ ಫಿಟ್ಜ್‌ಜೆರಾಲ್ಡ್ ಲವೆಲ್. ಐರ್ಲೆಂಡ್ ಮೂಲದ ಈ ಸೈನಿಕ ನ್ಯೂಜಿಲೆಂಡಿನಲ್ಲಿ ಯುದ್ಧ ಮುಗಿಸಿ ಬೆಂಗಳೂರು ದಂಡು ಪ್ರದೇಶದಲ್ಲಿ ನೆಲೆಸಿದ್ದ. ಬೆಂಗಳೂರಿನ ಲವೆಲ್ ರಸ್ತೆಗೆ ಇವನದೇ ಹೆಸರು. 1873ರಲ್ಲಿ ಗಣಿಗಾರಿಕೆಗೆ ಅನುಮತಿ ಕೋರಿ ಮೈಸೂರು ಸರ್ಕಾರಕ್ಕೆ ಅರ್ಜಿ ಹಾಕಿದ ಲವೆಲ್‌ಗೆ 1875ರಲ್ಲಿ 20 ವರ್ಷಗಳ ಗುತ್ತಿಗೆ ದೊರೆಯಿತು. ಅವನ ಬಳಿ ಇದ್ದದ್ದು ಗುತ್ತಿಗೆ ಪತ್ರ ಮತ್ತು ಉತ್ಸಾಹ, ಇಲ್ಲದ್ದು ಬಂಡವಾಳ. ಎರಡೇ ವರ್ಷದಲ್ಲಿ ಗುತ್ತಿಗೆಯ ಹಕ್ಕು ಮದರಾಸು ಸೇನೆಯ ಅಧಿಕಾರಿಗಳ ಒಂದು ಗುಂಪಿಗೆ ಹೋಯಿತು. ಅಲ್ಲಿಂದ ಮುಂದೆ ಹಣಕ್ಕಾಗಿ ನೋಡಿದ್ದು ಲಂಡನ್ನಿನತ್ತ. 1880ರ ಸುಮಾರಿಗೆ ಅಲ್ಲಿ ಒಂದರ ಹಿಂದೆ ಒಂದು ಗಣಿ ಕಂಪೆನಿ ನೋಂದಣಿಯಾದವು. ಷೇರು ಕೊಂಡವರು ಇಂಗ್ಲೆಂಡಿನವರು. ಅವರಲ್ಲಿ ಬಹುಪಾಲು ಜನ ಮಾರಿಕುಪ್ಪಂ ಎಲ್ಲಿದೆ ಎಂಬುದನ್ನು ಭೂಪಟದಲ್ಲಿ ಹುಡುಕಬೇಕಾದವರು.

ಮೆಕ್ಸಿಕೋದಲ್ಲಿ ಕಲಿತ ಪಾಠ

ಈ ಕಂಪೆನಿಗಳು ನಿರ್ವಹಣೆಯ ಹೊಣೆಯನ್ನು ವಹಿಸಿದ್ದು ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಗೆ. ದೂರದ ಗಣಿಗಳನ್ನು ಕೂತಲ್ಲಿಂದಲೇ ನಡೆಸುವುದು ಈ ಮನೆತನದ ಕಸುಬು. ಅದರಲ್ಲಿ ಅವರು ಒಮ್ಮೆ ಕೈ ಸುಟ್ಟುಕೊಂಡೂ ಇದ್ದರು. ಸಂಸ್ಥೆಯ ಸ್ಥಾಪಕ ಜಾನ್ ಟೇಲರ್ (1779-1863) ನೇತೃತ್ವದಲ್ಲಿ 1824ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಕಂಪೆನಿಯೊಂದು ಮೆಕ್ಸಿಕೋದ ರಿಯಲ್ ದೆಲ್ ಮಾಂಟೆ ಬೆಳ್ಳಿ ಗಣಿಗಳಿಗೆ ಕೈಹಾಕಿತು. ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದಿಂದ ಗಣಿಗಾರರನ್ನೂ ಹಬೆಯಂತ್ರಗಳನ್ನೂ ಹಡಗಿನಲ್ಲಿ ಕಳಿಸಿತು. ವೆರಾಕ್ರೂಜ್ ಬಂದರಿನಲ್ಲಿ ಹಳದಿ ಜ್ವರಕ್ಕೆ ಹಲವರು ಬಲಿಯಾದರು. ಕಾಗದ ಬರೆದು ಉತ್ತರ ಬರುವಷ್ಟರಲ್ಲಿ ತಿಂಗಳುಗಳು ಕಳೆಯುತ್ತಿದ್ದ ಕಾಲ ಅದು. ಕಾಲು ಶತಮಾನ ನಷ್ಟ ಅನುಭವಿಸಿ 1849ರಲ್ಲಿ ಕಂಪೆನಿ ಗಣಿಯನ್ನು ಬಿಟ್ಟುಕೊಟ್ಟಿತು. ಅದನ್ನು ಕೊಂಡ ಮೆಕ್ಸಿಕೋದವರಿಗೆ ಕೆಲವೇ ಸಮಯದಲ್ಲಿ ಭಾರೀ ಬೆಳ್ಳಿ ನಿಕ್ಷೇಪ ಸಿಕ್ಕಿತೆಂಬುದು ವಿಪರ್ಯಾಸ.

ಕೋಲಾರದಲ್ಲೂ ಇದೇ ಕತೆ ಮರುಕಳಿಸುವುದರಲ್ಲಿತ್ತು. 1880ರಲ್ಲಿ ಸ್ಥಾಪನೆಯಾದ ಮೈಸೂರು ಗೋಲ್ಡ್ ಮೈನಿಂಗ್ ಕಂಪೆನಿಯ ಬಂಡವಾಳ ಕೆಲವೇ ವರ್ಷಗಳಲ್ಲಿ ಬಹುತೇಕ ಕರಗಿತು. ಮುಚ್ಚಿಬಿಡೋಣ ಎಂಬ ಮಾತು ಷೇರುದಾರರಲ್ಲಿ ಎದ್ದಿತು. ಉಳಿದಿರುವ ಹಣವನ್ನೂ ಹಾಕಿ ನೋಡೋಣ ಎಂದು ಟೇಲರ್ ಸಂಸ್ಥೆ ಅವರನ್ನು ಒಪ್ಪಿಸಿತು. ಕ್ಯಾಪ್ಟನ್ ಪ್ಲಮ್ಮರ್ ಎಂಬುವನನ್ನು ಸ್ಥಳಕ್ಕೆ ಕಳಿಸಿತು. (ಇಲ್ಲಿ ಕ್ಯಾಪ್ಟನ್ ಎಂದರೆ ಸೇನೆಯ ಪದವಿಯಲ್ಲ, ಕಾರ್ನ್‌ವಾಲ್‌ನಲ್ಲಿ ಗಣಿಯ ಮುಖ್ಯಸ್ಥನನ್ನು ಹಾಗೆ ಕರೆಯುವುದು ವಾಡಿಕೆ.) ಪ್ಲಮ್ಮರ್ ಹೊಸ ಜಾಗ ಹುಡುಕಲಿಲ್ಲ. ಹಿಂದಿನ ಕಾಲದವರು ತೋಡಿ ಬಿಟ್ಟಿದ್ದ ಗುಂಡಿಗಳನ್ನೇ ಹಿಡಿದು ಇನ್ನೂ ಆಳಕ್ಕೆ ಹೋದ. 1880ರ ದಶಕದ ಮಧ್ಯಭಾಗದಲ್ಲಿ ಚಾಂಪಿಯನ್ ಎಂದು ಹೆಸರಾದ ಅದಿರಿನ ಪದರ ಕೈಗೆ ಸಿಕ್ಕಿತು. ಲಂಡನ್ನಿನ ತಾಳ್ಮೆ ಎಷ್ಟು ಮುಖ್ಯವಾಯಿತೋ, ಸ್ಥಳದಲ್ಲಿದ್ದವನಿಗೆ ನೆಲದ ಹಳೆಯ ಗುರುತುಗಳನ್ನು ಓದುವ ಸ್ವಾತಂತ್ರ್ಯವಿದ್ದುದೂ ಅಷ್ಟೇ ಮುಖ್ಯವಾಯಿತು.

ತಂತಿ, ಟಪಾಲು, ಲೆಕ್ಕ

ಸಾವಿರಾರು ಮೈಲಿ ದೂರದ ಗಣಿಯನ್ನು ನಡೆಸುತ್ತಿದ್ದುದಾದರೂ ಹೇಗೆ? ಮೆಕ್ಸಿಕೋ ಕಾಲಕ್ಕೆ ಇಲ್ಲದ ಎರಡು ಅನುಕೂಲಗಳು ಈಗ ಇದ್ದವು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು ಇಂಗ್ಲೆಂಡಿನ ಟಪಾಲು ಸುಮಾರು ಮೂರು ವಾರಗಳಲ್ಲಿ ಭಾರತ ತಲುಪುವಂತಾಯಿತು. 1870ರಲ್ಲಿ ಸಮುದ್ರದ ತಳದಲ್ಲಿ ಹಾಸಿದ ತಂತಿ ಮುಂಬೈಯನ್ನು ಲಂಡನ್ನಿಗೆ ಜೋಡಿಸಿತು.

ಆದರೆ ತಂತಿ ಸಂದೇಶಕ್ಕೆ ಪದದ ಲೆಕ್ಕದಲ್ಲಿ ದುಬಾರಿ ಹಣ ತೆರಬೇಕಿತ್ತು. ಆದ್ದರಿಂದ ಗಣಿ ಕಂಪೆನಿಗಳು ಸಂಕೇತ ಪುಸ್ತಕಗಳನ್ನು ಬಳಸುತ್ತಿದ್ದವು. ಒಂದು ಪದ ಕಳಿಸಿದರೆ, ಆ ಕಡೆ ಪುಸ್ತಕ ತೆಗೆದು ನೋಡಿದವರಿಗೆ ಒಂದಿಡೀ ವಾಕ್ಯ ಸಿಗುತ್ತಿತ್ತು. ತುರ್ತಿನದು ತಂತಿಯಲ್ಲಿ, ವಿವರದ್ದು ಟಪಾಲಿನಲ್ಲಿ ಎಂಬ ವಿಂಗಡಣೆ ಸಹಜವಾಗಿಯೇ ಬೆಳೆಯಿತು. ಯಾವುದನ್ನು ಕೂಡಲೇ ತಿಳಿಸಬೇಕು, ಯಾವುದನ್ನು ಬರೆದಿಡಬೇಕು ಎಂಬ ಇದೇ ಪ್ರಶ್ನೆ ಇಂದು ಫೋನಿನಲ್ಲಿ ದಿನವಿಡೀ ಸಂದೇಶಗಳ ಸುರಿಮಳೆಗೆ ಸಿಲುಕಿದ ಸಣ್ಣ ಉದ್ಯಮಿಯನ್ನೂ ಕಾಡುತ್ತಿದೆ.

ಗಣಿಯೊಂದಕ್ಕೆ ಒಬ್ಬ ಸೂಪರಿಂಟೆಂಡೆಂಟ್. ಸುರಂಗ ಎಷ್ಟು ಅಡಿ ಇಳಿಯಿತು, ಎಷ್ಟು ಅದಿರು ಅರೆಯಲಾಯಿತು, ಎಷ್ಟು ಔನ್ಸ್ ಚಿನ್ನ ಬಂತು, ಖರ್ಚೆಷ್ಟು ಎಂಬುದೆಲ್ಲ ನಿಗದಿತ ನಮೂನೆಯಲ್ಲಿ ಲಂಡನ್ನಿಗೆ ಹೋಗಬೇಕಿತ್ತು. ಯಂತ್ರ ಇಂಗ್ಲೆಂಡಿನಿಂದ ಬರುತ್ತಿತ್ತು. ಚಿನ್ನ ಮುಂಬೈ ಮೂಲಕ ಇಂಗ್ಲೆಂಡಿಗೆ ಹೋಗುತ್ತಿತ್ತು. ಮೈಸೂರು ಸರ್ಕಾರಕ್ಕೆ ಚಿನ್ನದ ಮೌಲ್ಯದ ಮೇಲೆ ನೂರಕ್ಕೆ 5ರಂತೆ ರಾಜಧನ ಸಲ್ಲುತ್ತಿತ್ತು.

ಇನ್ನೊಂದು ಸಂಗತಿ ಗಮನಾರ್ಹ. ಮೈಸೂರು, ಚಾಂಪಿಯನ್ ರೀಫ್, ಉರಿಗಾಂ, ನಂದಿದುರ್ಗ, ಬಾಲಘಾಟ್ ಇವು ಬೇರೆ ಬೇರೆ ಕಂಪೆನಿಗಳು. ಆದರೆ ನಿರ್ವಹಣೆ ಟೇಲರ್ ಸಂಸ್ಥೆಯದೇ. ಹೀಗಾಗಿ ಒಬ್ಬರಿಂದಾಗದ ಸೌಕರ್ಯಗಳನ್ನು ಒಟ್ಟಾಗಿ ಪಡೆಯುವುದು ಸಾಧ್ಯವಾಯಿತು. 1864ರಲ್ಲೇ ಬೆಂಗಳೂರು ದಂಡಿನಿಂದ ಜೋಲಾರಪೇಟೆಗೆ ರೈಲು ಓಡತೊಡಗಿತ್ತು. ಆ ಮಾರ್ಗದಲ್ಲಿದ್ದ, ಕಮಿಷನರ್ ಬೌರಿಂಗ್ ಹೆಸರು ಹೊತ್ತ ಬೌರಿಂಗ್‌ಪೇಟೆಯಿಂದ (ಇಂದಿನ ಬಂಗಾರಪೇಟೆ) ಗಣಿಗೆ 1894ರಲ್ಲಿ ಕವಲು ಮಾರ್ಗ ಬಂತು. ಪಾಲಾರ್ ನದಿಯ ಬೇತಮಂಗಲ ಕೆರೆಯಿಂದ ನೀರು ಬಂತು. 1902ರ ಜೂನ್‌ನಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರ ತಂತಿ ಎಳೆದು ವಿದ್ಯುತ್ ತಂದದ್ದು ಆ ಕಾಲದಲ್ಲಿ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಒಂದೆನಿಸಿತು. ದೂರದಿಂದ ನಡೆಯುವ ಉದ್ಯಮಕ್ಕೆ ಹತ್ತಿರದಲ್ಲಿ ಗಟ್ಟಿ ಸೌಕರ್ಯ ಬೇಕೇ ಬೇಕು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಕಾಣದವರ ಮೇಲೆ ಕಣ್ಣು

ದೂರದ ಯಜಮಾನನನ್ನು ಸದಾ ಕಾಡುವ ಪ್ರಶ್ನೆ ಒಂದೇ: ನಾನಿಲ್ಲದಾಗ ಅಲ್ಲಿ ಏನು ನಡೆಯುತ್ತಿದೆ? ಕೆ.ಜಿ.ಎಫ್.ನಲ್ಲಿ ದುಡಿದವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಯಿಂದ ಬಂದ ತಮಿಳು, ತೆಲುಗು ಭಾಷಿಕ ಬಡವರು. ಬಹಳಷ್ಟು ಜನ ದಲಿತರು. ಅವರನ್ನು ಕೆಲಸಕ್ಕೆ ಕರೆತರುತ್ತಿದ್ದವರು ಗುತ್ತಿಗೆದಾರರು. ಲೆಕ್ಕದ ಪುಸ್ತಕದಲ್ಲಿ ಪ್ರತಿ ಔನ್ಸ್ ಚಿನ್ನಕ್ಕೂ ಜಾಗವಿತ್ತು. ಕಾರ್ಮಿಕನ ಹೆಸರು ಗುತ್ತಿಗೆದಾರನ ಪಟ್ಟಿಯಲ್ಲಿ ಇರುತ್ತಿತ್ತು.

ಚಿನ್ನ ಕಳುವಾದೀತೆಂಬ ಭಯದಿಂದ ಕಾವಲು, ತಪಾಸಣೆ, ಪ್ರತ್ಯೇಕ ಕಾನೂನು ಎಲ್ಲವೂ ಬಂದವು. ಕಾರ್ಮಿಕರ ಬೆರಳಚ್ಚು ಪಡೆದು ನೋಂದಾಯಿಸುವ ಕ್ರಮ ಬಂದಾಗ ಮಾತ್ರ ಅವರ ಸಹನೆ ಮೀರಿತು. ಬೆರಳಚ್ಚು ಎಂದರೆ ಅಪರಾಧಿಗಳಿಂದ ಪಡೆಯುವಂಥದು ಎಂಬ ಭಾವನೆ ಜನರಲ್ಲಿತ್ತು. 1930ರ ಏಪ್ರಿಲ್‌ನಲ್ಲಿ ಸಾವಿರಾರು ಕಾರ್ಮಿಕರು ಕೆಲಸ ನಿಲ್ಲಿಸಿದರು. ಮಾನ್ಯತೆ ಪಡೆದ ಕಾರ್ಮಿಕ ಸಂಘವೇ ಇಲ್ಲದ ಕಾಲದಲ್ಲಿ ಇದು ನಡೆಯಿತೆಂಬುದು ವಿಶೇಷ. ಮೈಸೂರು ಸಂಸ್ಥಾನದ ಕಾರ್ಮಿಕರ ಇತಿಹಾಸ ಬರೆದ ಜಾನಕಿ ನಾಯರ್ ಅವರ 'ಮೈನರ್ಸ್ ಅಂಡ್ ಮಿಲ್‌ಹ್ಯಾಂಡ್ಸ್' (1998) ಗ್ರಂಥದಲ್ಲಿ ಗಣಿ ಕಾರ್ಮಿಕರ ಈ ಜಗತ್ತಿನ ವಿವರವಾದ ಚಿತ್ರಣವಿದೆ.

ಮನೆಯಿಂದ ದುಡಿಯುವವರ ಕಂಪ್ಯೂಟರ್ ಪರದೆಯ ಚಿತ್ರವನ್ನು ಕೆಲ ನಿಮಿಷಗಳಿಗೊಮ್ಮೆ ಸೆರೆಹಿಡಿದು ಯಜಮಾನನಿಗೆ ಕಳಿಸುವ ತಂತ್ರಾಂಶಗಳು ಇಂದು ಬಳಕೆಯಲ್ಲಿವೆ. ಸಾಧನ ಬೇರೆ, ಅದರ ಹಿಂದಿನ ಆತಂಕ ಹಳೆಯದೇ. ಕೆಲಸ ಮುಗಿಯಿತೇ ಎಂದು ನೋಡುವುದಕ್ಕೂ ಕೆಲಸಗಾರನನ್ನೇ ಶಂಕಿಸುವುದಕ್ಕೂ ಇರುವ ಅಂತರ 1930ರಲ್ಲಿ ಗಣಿಯ ಆಡಳಿತಕ್ಕೆ ತಿಳಿಯಲಿಲ್ಲ.

ಲೆಕ್ಕಕ್ಕೆ ಸಿಗದ ವೆಚ್ಚ

ಕೆ.ಜಿ.ಎಫ್. ತನ್ನ ಸುಮಾರು 120 ವರ್ಷಗಳ ಆಯುಷ್ಯದಲ್ಲಿ ಸುಮಾರು 800 ಟನ್ ಚಿನ್ನ ಕೊಟ್ಟಿತು. ಚಾಂಪಿಯನ್ ರೀಫ್ ಗಣಿ ಭೂಮಿಯೊಳಗೆ 3 ಕಿಲೋಮೀಟರ್‌ಗಿಂತ ಆಳಕ್ಕಿಳಿಯಿತು. ಅಷ್ಟು ಆಳದಲ್ಲಿ ಒತ್ತಡಕ್ಕೆ ಬಂಡೆಗಳು ಸಿಡಿಯುತ್ತಿದ್ದವು. ಕಲ್ಲಿನ ದೂಳು ಶ್ವಾಸಕೋಶ ಸೇರಿ ಸಿಲಿಕೋಸಿಸ್ ರೋಗ ತರುತ್ತಿತ್ತು. 1940ರ ದಶಕದಲ್ಲಿ ಏಳೂವರೆ ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದ ವೈದ್ಯಕೀಯ ಸಮೀಕ್ಷೆಯಲ್ಲಿ ನೂರಕ್ಕೆ 40ಕ್ಕಿಂತ ಹೆಚ್ಚು ಮಂದಿಗೆ ಈ ರೋಗ ಕಂಡುಬಂತು. ಲಾಭಾಂಶ ಲಂಡನ್ನಿಗೆ ಹೋಯಿತು. ಕೆಮ್ಮು ಗಣಿ ಕಾಲೊನಿಗಳಲ್ಲಿ ಉಳಿಯಿತು.

1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಶಕ್ಕೆ ತೆಗೆದುಕೊಂಡಿತು. 1962ರಲ್ಲಿ ಅವು ಕೇಂದ್ರ ಸರ್ಕಾರಕ್ಕೆ ಸೇರಿದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆ ಹುಟ್ಟಿತು. ಲಂಡನ್ನಿನ ಜಾಗಕ್ಕೆ ದೆಹಲಿ ಬಂತು. ಅದಿರಿನಲ್ಲಿ ಚಿನ್ನದ ಅಂಶ ಕುಸಿದು, ಆಳ ಹೆಚ್ಚಿದಂತೆ ಖರ್ಚು ಏರಿ, 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಮೂರು ಸಾವಿರಕ್ಕೂ ಹೆಚ್ಚು ಮಂದಿ ಒಮ್ಮೆಗೇ ಕೆಲಸ ಕಳೆದುಕೊಂಡರು. ಚಿನ್ನ ತೆಗೆದ ಮೇಲೆ ಉಳಿದ ಪುಡಿಯ 'ಸೈನೈಡ್ ಗುಡ್ಡ'ಗಳಲ್ಲಿ ಮೂರು ಕೋಟಿ ಟನ್‌ಗಿಂತ ಹೆಚ್ಚು ತ್ಯಾಜ್ಯವಿದೆಯೆಂದು ಅಂದಾಜು. ಗಾಳಿ ಬೀಸಿದಾಗ ಅದರ ದೂಳು ಬೀಳುವುದು ಊರಿನವರ ಮೇಲೆ. ದೂರದಿಂದ ನಡೆಯುವ ವ್ಯವಹಾರದಲ್ಲಿ ನಮೂನೆಯಲ್ಲಿ ತುಂಬಿ ಕಳಿಸಬಹುದಾದದ್ದು ಮಾತ್ರ ಯಜಮಾನನಿಗೆ ಕಾಣುತ್ತದೆ. ಉಳಿದದ್ದರ ಹೊರೆ ಸ್ಥಳದಲ್ಲಿರುವವರ ಪಾಲಾಗುತ್ತದೆ.

ಮನೆಯೇ ಕಾರ್ಖಾನೆಯಾದಾಗ

ಗಣಿಯಲ್ಲಿ ಯಜಮಾನ ದೂರ. ಕಾರ್ಮಿಕರು ಮಾತ್ರ ಒಂದೇ ಕಡೆ ಇದ್ದರು. ಆದ್ದರಿಂದಲೇ 1930ರಲ್ಲಿ ಅವರು ಒಟ್ಟಾಗಿ ನಿಲ್ಲಬಲ್ಲವರಾದರು. ಕಾರ್ಮಿಕರೂ ಮನೆಮನೆಗಳಲ್ಲಿ ಚದುರಿಹೋದರೆ ಏನಾಗುತ್ತದೆ? ಇದಕ್ಕೆ ಉತ್ತರ ಹುಡುಕಲು ಕೋಲಾರ ಬಿಟ್ಟು ಕರಾವಳಿಗೆ ಹೋಗಬೇಕು.

ದಕ್ಷಿಣ ಕನ್ನಡದಲ್ಲಿ ಬೀಡಿ ಉದ್ಯಮ ಬೆಳೆದದ್ದು ಮನೆಗಳ ಜಗಲಿಯ ಮೇಲೆ. ಎಲೆ ಮತ್ತು ಹೊಗೆಸೊಪ್ಪನ್ನು ಗುತ್ತಿಗೆದಾರನಿಂದ ತಂದು, ಹೆಂಗಸರು ಮನೆಯಲ್ಲೇ ಬೀಡಿ ಕಟ್ಟಿ ಒಪ್ಪಿಸುತ್ತಾರೆ. ಇವರು ಸ್ವಂತ ಕಸುಬುದಾರರು, ನಮ್ಮ ನೌಕರರಲ್ಲ ಎಂಬುದು ಮಾಲೀಕರ ವಾದವಾಗಿತ್ತು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆ ಮನೆಯಲ್ಲಿ ಕುಳಿತು ಕಟ್ಟುವವರನ್ನೂ ನೌಕರರೆಂದೇ ಪರಿಗಣಿಸಿತು. ಇದನ್ನು ಪ್ರಶ್ನಿಸಿದವರಲ್ಲಿ ಮಂಗಳೂರು ಗಣೇಶ್ ಬೀಡಿ ಸಂಸ್ಥೆಯೂ ಒಂದು. 1974ರಲ್ಲಿ ಸುಪ್ರೀಂ ಕೋರ್ಟ್ ಕಾಯಿದೆಯನ್ನು ಎತ್ತಿಹಿಡಿಯಿತು. 1985ರಲ್ಲಿ ಇನ್ನೊಂದು ಮೊಕದ್ದಮೆಯಲ್ಲಿ, ಮನೆಯಲ್ಲಿ ಬೀಡಿ ಕಟ್ಟುವವರಿಗೂ ಭವಿಷ್ಯನಿಧಿ ಅನ್ವಯಿಸುತ್ತದೆ ಎಂದು ಅದೇ ನ್ಯಾಯಾಲಯ ತೀರ್ಪಿತ್ತಿತು. ಕೆಲಸ ಎಲ್ಲಿ ನಡೆಯುತ್ತದೆ ಎಂಬುದರಿಂದ ಮಾಲೀಕನ ಹೊಣೆ ಕಳಚಿಹೋಗುವುದಿಲ್ಲ ಎಂಬ ತತ್ವವನ್ನು ನಮ್ಮ ದೇಶದಲ್ಲಿ ಸ್ಥಾಪಿಸಿಕೊಟ್ಟವರು ಬೀಡಿ ಕಟ್ಟುವ ಹೆಂಗಸರು. 1966ರ ಆ ಕಾಯಿದೆ ಈಗ ಹೊಸ ಕಾರ್ಮಿಕ ಸಂಹಿತೆಗಳಲ್ಲಿ ಸೇರಿಹೋಗಿದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಮನೆಯಲ್ಲಿ ದುಡಿಯುವ ಕೆಲಸಗಾರರಿಗೆ ಪ್ರತ್ಯೇಕ ವ್ಯಾಖ್ಯೆಯಿದೆ.

ಬೆಳಗಿನ ರೈಲಿಗೆ ಬದಲು?

ಗಣಿ ಮುಚ್ಚಿದ ಮೇಲೆ ಕೆ.ಜಿ.ಎಫ್. ಮತ್ತು ಬಂಗಾರಪೇಟೆಯ ಜನರನ್ನು ಸಾಕಿದ್ದು 1894ರ ಆ ರೈಲು ಮಾರ್ಗ. ಬೆಳಕು ಹರಿಯುವ ಮುನ್ನ ಮಾರಿಕುಪ್ಪಂನಿಂದ ಹೊರಟು, ಬಂಗಾರಪೇಟೆಯಲ್ಲಿ ಇನ್ನಷ್ಟು ಜನರನ್ನು ತುಂಬಿಕೊಂಡು ರೈಲು ಬೆಂಗಳೂರು ಸೇರುತ್ತದೆ. ಸಾವಿರಾರು ಮಂದಿ ಹೀಗೆ ದಿನವೂ ಹೋಗಿ ರಾತ್ರಿ ಮರಳುತ್ತಾರೆ. ದಾರಿಗೆ ಪ್ರತಿ ಬಾರಿ ಎರಡು ಗಂಟೆಗೂ ಹೆಚ್ಚು. ಅಂದರೆ ದಿನಕ್ಕೆ ಅರ್ಧ ಪಾಳಿಯಷ್ಟು ಹೊತ್ತು ಸಂಬಳವಿಲ್ಲದೆ ಹೋಗುತ್ತದೆ.

ಬೆಂಗಳೂರಿನಲ್ಲಿ ಆ ಉದ್ಯೋಗಗಳಲ್ಲಿ ಕೆಲವು ಹುಟ್ಟಿದ್ದೇ ದೂರದ ಸಂಪರ್ಕದಿಂದ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪೆನಿ ಇಲ್ಲಿ ವಿನ್ಯಾಸ ಕೇಂದ್ರ ತೆರೆದು, ಉಪಗ್ರಹ ಸಂಪರ್ಕದ ಮೂಲಕ ಇಲ್ಲಿನ ಎಂಜಿನಿಯರುಗಳ ಕೆಲಸವನ್ನು ಅಮೆರಿಕಕ್ಕೆ ಕಳಿಸಿಕೊಳ್ಳತೊಡಗಿತು. ಉಪಗ್ರಹ ಸಂಪರ್ಕದ ಉಪಕರಣವನ್ನು ಎತ್ತಿನ ಗಾಡಿಯಲ್ಲಿ ಸಾಗಿಸಿದ್ದು ಪ್ರಸಿದ್ಧ ಪ್ರಸಂಗ. ಅಮೆರಿಕದ ಕೆಲಸ ಬೆಂಗಳೂರಿಗೆ ಬರಬಹುದಾದರೆ ಬೆಂಗಳೂರಿನ ಕೆಲಸ ಬಂಗಾರಪೇಟೆಗೆ ಏಕೆ ಬರಬಾರದು? ಅಷ್ಟೇ ಅಲ್ಲ, ಬಂಗಾರಪೇಟೆಯಲ್ಲಿ ಕೂತವರೇ ಯಜಮಾನರಾಗಿ ಬೇರೆ ಊರಿನವರಿಗೆ ಏಕೆ ಕೆಲಸ ಕೊಡಬಾರದು?

ಕಾನೂನಿನ ತೊಡಕು ಈಗ ಬಹಳ ಇಲ್ಲ. ಕರೆ ಕೇಂದ್ರದಂಥ ಸೇವೆಗಳಿಗೆ ಬೇಕಿದ್ದ ದೂರಸಂಪರ್ಕ ಇಲಾಖೆಯ ನೋಂದಣಿಯನ್ನು 2020ರ ನವೆಂಬರ್‌ನಲ್ಲಿ ಸಡಿಲಿಸಿ, ಮನೆಯಿಂದ ಕೆಲಸ ಮಾಡಲು ಅವಕಾಶ ನೀಡಲಾಯಿತು. 2020ರ ಜುಲೈಯಿಂದ ಸಣ್ಣ ಉದ್ಯಮಗಳ 'ಉದ್ಯಮ್' ನೋಂದಣಿಯನ್ನು ಕಂಪ್ಯೂಟರಿನಲ್ಲೇ ಉಚಿತವಾಗಿ ಮಾಡಿಕೊಳ್ಳಬಹುದು. ಕಂಪೆನಿಯಾಗಿ ನೋಂದಾಯಿಸುವುದಾದರೆ 2013ರ ಕಂಪೆನಿ ಕಾಯಿದೆಯಂತೆ ನೋಂದಾಯಿತ ಕಚೇರಿಯ ವಿಳಾಸ ಬೇಕು. ನಿರ್ದೇಶಕರ ಸಭೆಯನ್ನು ವಿಡಿಯೊ ಮೂಲಕ ನಡೆಸಬಹುದು. ಅಂದರೆ ಕೆಲಸಗಾರರು ಎಲ್ಲೇ ಇರಲಿ, ಹೊಣೆ ಹೊರುವ ಒಂದು ವಿಳಾಸ ಇರಲೇಬೇಕು.

ಆದರೆ ಭವಿಷ್ಯನಿಧಿ ಸಾಮಾನ್ಯವಾಗಿ 20 ಮಂದಿ ಇರುವಲ್ಲಿ, ಇ.ಎಸ್.ಐ. 10 ಮಂದಿ ಇರುವಲ್ಲಿ ಕಡ್ಡಾಯ. ನಾಲ್ಕೈದು ಜನರ ಉದ್ಯಮ ಇವೆರಡರ ಹೊರಗೇ ಉಳಿಯುತ್ತದೆ. ವಿದ್ಯುತ್ ಬಿಲ್ಲು, ಇಂಟರ್‌ನೆಟ್ ಶುಲ್ಕ, ಕೆಟ್ಟ ಕಂಪ್ಯೂಟರಿನ ದುರಸ್ತಿ, ಕಾಯಿಲೆಯ ದಿನದ ಸಂಬಳ ಇವೆಲ್ಲ ಯಾರ ಖರ್ಚು? ಕರೆಂಟು ಹೋದ ಹೊತ್ತಿನ ಕೆಲಸ ಯಾರ ನಷ್ಟ? ಕಚೇರಿ ಬಾಡಿಗೆ ಉಳಿಯಿತೆಂದು ಯಜಮಾನ ಸಂತೋಷಪಡುವಾಗ ಆ ಬಾಡಿಗೆಯ ಒಂದು ಪಾಲನ್ನು ಕೆಲಸಗಾರನ ಮನೆ ತೆರುತ್ತಿರುತ್ತದೆ. ಇದನ್ನು ಮೊದಲ ದಿನವೇ ಬರವಣಿಗೆಯಲ್ಲಿ ಇತ್ಯರ್ಥ ಮಾಡಿಕೊಳ್ಳದ ಉದ್ಯಮ ಗಣಿ ಕಂಪೆನಿಗಳ ದಾರಿಯನ್ನೇ ಹಿಡಿದಂತೆ.

ಟೇಲರ್ ಸಂಸ್ಥೆಯಿಂದ ಕಲಿಯಬೇಕಾದವು ಸರಳವಾಗಿವೆ: ತುರ್ತಿನದನ್ನೂ ವಿವರದ್ದನ್ನೂ ಬೇರ್ಪಡಿಸುವುದು, ನಿಗದಿತ ದಿನಕ್ಕೆ ಲೆಕ್ಕ ಒಪ್ಪಿಸುವುದು, ಸ್ಥಳದಲ್ಲಿರುವವನ ತಿಳುವಳಿಕೆಗೆ ಬೆಲೆ ಕೊಡುವುದು, ಒಬ್ಬರಿಂದಾಗದ ಸೌಕರ್ಯವನ್ನು ನಾಲ್ವರು ಸೇರಿ ಪಡೆಯುವುದು. ಗಣಿಗಳು ಒಟ್ಟಾಗಿ ಶಿವನಸಮುದ್ರದ ವಿದ್ಯುತ್ ಪಡೆದಂತೆ, ಐದು ಸಣ್ಣ ಉದ್ಯಮಗಳು ಸೇರಿ ಒಂದು ಬ್ಯಾಟರಿ ವ್ಯವಸ್ಥೆಯ ಕೋಣೆಯನ್ನು, ಒಂದು ಉತ್ತಮ ಇಂಟರ್‌ನೆಟ್ ಸಂಪರ್ಕವನ್ನು ಹಂಚಿಕೊಳ್ಳಬಹುದು. ಆ ಸಂಸ್ಥೆಯ ನಮೂನೆಯಲ್ಲಿ ಇಲ್ಲದಿದ್ದ ಒಂದು ಅಂಕಣವನ್ನು ಮಾತ್ರ ಇಂದಿನವರು ಸೇರಿಸಿಕೊಳ್ಳಬೇಕು: ಈ ಕೆಲಸದಿಂದ ಅದನ್ನು ಮಾಡುವವರ ಮೇಲೆ ಬೀಳುವ ಖರ್ಚು ಎಷ್ಟು, ಅದನ್ನು ಯಾರು ಭರಿಸುತ್ತಿದ್ದಾರೆ? ಬೆಂಗಳೂರಿನ ರೈಲು ಹತ್ತುವವರಲ್ಲಿ ಕೆಲವರಾದರೂ ಊರಲ್ಲೇ ಉಳಿದು ದುಡಿಯುವಂತಾಗಬೇಕಾದರೆ, ಈ ಅಂಕಣ ತುಂಬಿದ ಉದ್ಯಮಗಳು ಬೇಕು.